ಕವಳೇವಾಡಿಗೆ ಟೈ ಬಂದದ್ದು

ಮಹಾರುದ್ರಪ್ಪ ಮಾಸ್ತರರು ಯಾರಿಗೂ ಎಂದೂ ‘ಇಲ್ಲ’ ಎಂದವರಲ್ಲ. ಹಾಗೆಂದು ‘ಹೌದು’ ಎಂದವರೂ ಅಲ್ಲ. ಮನೆಯಲ್ಲಿ ಹೆಂಡತಿ ಶಕುಂತಲಾಬಾಯಿ ಮಿಕ್ಸರ್ ಬೇಕೆಂದಾಗ, ಊರವರು ಶಾಲೆಯ ಅಂಗಳದಲ್ಲಿ ತೊಗರಿ ರಾಶಿ ಮಾಡುತ್ತೇವೆಂದಾಗ, ಕಚೇರಿಯವರು ನಾಳೆಯೊಳಗೆ ವರದಿ ಬೇಕೆಂದಾಗ ಅವರ ಬಾಯಿಂದ ಬರುತ್ತಿದ್ದ ಮಾತು ಒಂದೇ: “ನೋಡೋಣ್ರಿ.” ಅವರು ನೋಡುವಷ್ಟರಲ್ಲಿ ಮಿಕ್ಸರಿನ ಆಸೆ ಆರುತ್ತಿತ್ತು, ರಾಶಿ ಮುಗಿದು ಹೊಟ್ಟು ಹಾರುತ್ತಿತ್ತು, ವರದಿ ಕೇಳಿದ ಸಾಹೇಬರಿಗೆ ವರ್ಗವಾಗುತ್ತಿತ್ತು. ಈ ಒಂದು ಮಾತಿನ ಮೇಲೆ ಅವರ ನೌಕರಿ ಇಪ್ಪತ್ತು ವರ್ಷ ಸುಸೂತ್ರವಾಗಿ ಸಾಗಿ ಬಂದಿತ್ತು. ಅದು ಕೈಕೊಟ್ಟದ್ದು 2003ರ ದಸರೆ ರಜೆ ಮುಗಿದ ಮೇಲೆ.

ಮುಡಬಿಯಿಂದ ಒಳಕ್ಕೆ ಹೊರಳುವ ಮಣ್ಣು ರಸ್ತೆಯ ತುದಿಗೆ ಕವಳೇವಾಡಿ. ಅಲ್ಲಿಯ ಸರ್ಕಾರಿ ಶಾಲೆಗೆ ಎರಡು ಕೋಣೆ, ಐದು ತರಗತಿ, ಇಬ್ಬರು ಮಾಸ್ತರರು. ಮಹಾರುದ್ರಪ್ಪನವರು ದಿನಾ ಬಸವಕಲ್ಯಾಣದಿಂದ ಮುಡಬಿಗೆ ಬಸ್ಸಿನಲ್ಲಿ, ಅಲ್ಲಿಂದ ಮುಂದೆ ಆಟೋದಲ್ಲಿ ಯಾರದೋ ತೊಡೆಯ ಮೇಲೆ ಕುಳಿತು ಬರುತ್ತಿದ್ದರು. ಇನ್ನೊಬ್ಬ ಮಾಸ್ತರ ಗುರುನಾಥ, ಇನ್ನೂ ಹುಡುಗ. ತಹಸೀಲ್ದಾರನಾಗುವ ಪರೀಕ್ಷೆಗೆ ಓದುತ್ತಿದ್ದ. ಮಕ್ಕಳಿಗೆ “ಓದ್ರಿ” ಎಂದು ಹೇಳಿ ತಾನೂ ಒಂದು ದಪ್ಪ ಗೈಡು ಹಿಡಿದು ಓದಲು ಕೂರುತ್ತಿದ್ದ. ಮಕ್ಕಳು ಓದುತ್ತಿರಲಿಲ್ಲ, ಅವನು ಓದುತ್ತಿದ್ದ.

ಮಹಾರುದ್ರಪ್ಪನವರು ಮೊದಲು ಹೀಗಿರಲಿಲ್ಲ. ಇದೇ ಊರಿನಲ್ಲಿ, ನೌಕರಿಯ ಹೊಸದರಲ್ಲಿ, ಹೊಲಕ್ಕೆ ಓಡಿದ ಹುಡುಗರನ್ನು ಹೊಲದಿಂದಲೇ ಹಿಡಿದು ತಂದು ಕಾಗುಣಿತ ತಿದ್ದಿಸಿದ ಮನುಷ್ಯ. ಆಮೇಲೆ ಸರ್ಕಾರಕ್ಕೆ ಒಂದೊಂದೇ ಕೆಲಸ ನೆನಪಾಗತೊಡಗಿತು. ಜನರನ್ನು ಎಣಿಸಿರಿ ಎಂದಿತು, ಎಣಿಸಿದರು. ಮತದಾರರನ್ನು ಎಣಿಸಿರಿ ಎಂದಿತು, ಸತ್ತವರನ್ನೂ ಬಿಡದೆ ಎಣಿಸಿದರು. ಪೋಲಿಯೋ ಹನಿ ಹಾಕಿಸಿರಿ, ಅಕ್ಕಿಚೀಲ ಲೆಕ್ಕ ಇಡಿರಿ, ತರಬೇತಿಗೆ ಬನ್ನಿರಿ ಎಂದಿತು. ಮಕ್ಕಳನ್ನು ಬಿಟ್ಟು ಊರಿನಲ್ಲಿದ್ದ ಉಳಿದೆಲ್ಲವನ್ನೂ ಬರೆದು ಕಳಿಸುವುದೇ ನೌಕರಿಯಾಗಿ, ಕಲಿಸುವುದು ಬಿಡುವಿದ್ದಾಗ ಮಾಡುವ ಹವ್ಯಾಸವಾಯಿತು. ಬಿಡುವು ಸಿಗಲಿಲ್ಲ.

ಈ ನಡುವೆ ಮುಡಬಿ ರಸ್ತೆಯಲ್ಲಿ ಸತೀಶಕುಮಾರ ಎಂಬ ತರುಣ ಇಂಗ್ಲಿಷ್ ಶಾಲೆ ತೆರೆದ. ಅದರ ಹೆಸರು ಬಹಳ ಉದ್ದ, ಯಾರ ಬಾಯಿಗೂ ಹೊರಳುತ್ತಿರಲಿಲ್ಲ. ಹಳದಿ ವ್ಯಾನು ಬರುತ್ತಿದ್ದುದರಿಂದ ಜನ ಅದನ್ನು ‘ವ್ಯಾನಿನ ಸಾಲಿ’ ಎಂದರು. ವ್ಯಾನು ದಿನಾ ಮುಂಜಾನೆ ಬಂದು ಮಕ್ಕಳನ್ನು ತುಂಬಿಕೊಂಡು ಹೋಗತೊಡಗಿತು. ಸರ್ಕಾರಿ ಶಾಲೆಯಲ್ಲಿ ಉಳಿದವರು ವ್ಯಾನಿಗೆ ಕೊಡಲು ಏನೂ ಇಲ್ಲದ ಕೂಲಿಕಾರರ ಮಕ್ಕಳು. ಮಕ್ಕಳು ಇನ್ನೂ ಕಡಿಮೆಯಾದರೆ ಶಾಲೆ ಮುಚ್ಚಿ ಮುಡಬಿಗೆ ಸೇರಿಸಬೇಕಾಗುತ್ತದೆ ಎಂದು ಮೇಲಿನವರು ಹೇಳಿದರು. ಮಾಸ್ತರರು “ನೋಡೋಣ್ರಿ” ಎಂದರು.

ಹೀಗಿರುವಾಗ ಶಾಲೆಯ ಬೆಂಚುಗಳ ಕಾಲು ಸಡಿಲಾದವು. ಮಗು ಕೂತರೆ ಬೆಂಚು ಎಡಕ್ಕೆ ವಾಲುತ್ತಿತ್ತು, ಎದ್ದರೆ ಬಲಕ್ಕೆ. ರಿಪೇರಿಯ ಮಂಜೂರಾತಿ ಬರುವುದರೊಳಗೆ ಕಾಲನ್ನೆಲ್ಲ ಗಟ್ಟಿಯಾಗಿ ಕಟ್ಟಿಬಿಡೋಣ ಎಂದು ಮಾಸ್ತರರು, ನೆಂಟರ ಮನೆಯ ಕಾರ್ಯಕ್ಕೆ ಹುಮನಾಬಾದಿಗೆ ಹೋದವರು, ಹಗ್ಗ ಕೊಳ್ಳಲು ಬಜಾರಿಗೆ ಇಳಿದರು. ಹಳೇ ಸಾಮಾನು ಮಾರುವ ಜಹೀರುದ್ದೀನನ ಅಂಗಡಿಯಲ್ಲಿ ಹಗ್ಗ ಇರಲಿಲ್ಲ. ಆದರೆ ಗಿರಾಕಿಯನ್ನು ಬರಿಗೈಲಿ ಕಳಿಸುವ ಪೈಕಿ ಅವನಲ್ಲ. ಮೂಲೆಯಿಂದ ಒಂದು ಗಂಟು ಎಳೆದು ಮುಂದೆ ಬಿಚ್ಚಿದ. ಒಳಗೆ ಕೆಂಪು ಟೈಗಳು, ಅಂಚಿಗೆ ಜರಿ, ನಡುವೆ ಹಳದಿ ದಾರದಲ್ಲಿ ಏನೋ ಒಂದು ಕಸೂತಿ.

“ಮಾಸ್ಟರ್ ಸಾಬ್, ಹಗ್ಗ ಹರೀತದ, ಇದು ಹರಿಯಂಗಿಲ್ಲ. ಎತ್ತು ಕಟ್ಟಿದ್ರೂ ತಡೀತದ ನೋಡ್ರಿ.”

“ಯಾರದಪ್ಪ ಇದು?”

“ಯಾರದರೆ ಇರಲ್ರಿ. ಈಗ ನಿಮ್ದು.”

ಗಂಟಿನಿಂದ ಹಳೇ ಬೆವರು ಮತ್ತು ಬೀಡಿಯ ವಾಸನೆ ಬರುತ್ತಿತ್ತು. ಮರುದಿನ ಮಾಸ್ತರರು ಅದನ್ನು ಶಾಲೆಗೆ ತಂದು, ಬಿಸಿಯೂಟ ಮಾಡುವ ಸೋನುಬಾಯಿಗೆ ಒಗೆಯಲು ಕೊಟ್ಟರು. ಆಕೆ ಒಗೆದು, ಶಾಲೆಯ ಮುಂದಿನ ಮುಳ್ಳುಬೇಲಿಯ ಉದ್ದಕ್ಕೂ ಒಣಹಾಕಿದಳು. ಮಧ್ಯಾಹ್ನದ ಬಿಸಿಲಿಗೆ ಕವಳೇವಾಡಿಯ ಸರ್ಕಾರಿ ಶಾಲೆ ಕೆಂಪಗೆ, ಜರಿ ಜರಿಯಾಗಿ ಮಿಂಚಿತು.

ಮೊದಲು ನೋಡಿದವರು ಬಸವಣಪ್ಪ. ಅವರು ಊರಿನ ದೊಡ್ಡ ರೈತರು, ಶಾಲೆಯ ಸಮಿತಿಯ ಅಧ್ಯಕ್ಷರು. ಅವರ ಮೊಮ್ಮಗ ಸಂಗಮೇಶ ಮಾತ್ರ ವ್ಯಾನಿನ ಸಾಲಿಗೆ ಹೋಗುತ್ತಿದ್ದ. ಬೇಲಿಯ ಮುಂದೆ ಸೈಕಲ್ ನಿಲ್ಲಿಸಿ ಬಹಳ ಹೊತ್ತು ನೋಡಿದರು.

“ಮಾಸ್ತರ, ನಮ್ಮ ಸಾಲಿಗೂ ಟೈ ಬಂದಾವಲ್ರಿ. ಕಾನ್ವೆಂಟ ಮಾಡಾಕತ್ತಾರೇನು?”

ಮಾಸ್ತರರು ಅಕ್ಕಿಚೀಲದ ಲೆಕ್ಕದಲ್ಲಿದ್ದರು. ತಲೆಯೆತ್ತದೆ, “ನೋಡೋಣ್ರಿ” ಎಂದರು.

ಸರ್ಕಾರದ ಮನುಷ್ಯ ‘ನೋಡೋಣ’ ಎಂದರೆ ಆದೇಶ ಬಂದಿದೆ, ಹೇಳುವ ಹಾಗಿಲ್ಲ ಎಂದು ಅರ್ಥ. ಬಸವಣಪ್ಪ ಐವತ್ತು ವರ್ಷದಿಂದ ಕಚೇರಿ ತಿರುಗಿದವರು, ಇಷ್ಟು ತಿಳಿಯದೆ? ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಮುಟ್ಟಿತು. ರಾತ್ರಿ ಊಟದ ಹೊತ್ತಿಗೆ ಅದಕ್ಕೆ ಕಂಪ್ಯೂಟರೂ ಸೇರಿಕೊಂಡಿತು.

ಮರುದಿನ ಮಾಸ್ತರರು ಆಟೋದಿಂದ ಇಳಿದಾಗ ಅಂಗಳದಲ್ಲಿ ಜಾಗವಿರಲಿಲ್ಲ. ತಲೆಗೆ ಎಣ್ಣೆ ಹಚ್ಚಿಸಿಕೊಂಡ ಮಕ್ಕಳು, ಅವರ ಹಿಂದೆ ತಾಯಿ ತಂದೆ. ಹಳದಿ ವ್ಯಾನು ಅರ್ಧ ಖಾಲಿಯಾಗಿ ಹಾರ್ನ್ ಹೊಡೆದು ಹೊಡೆದು ಹೋಗಿತ್ತು. ಸಂಗಮೇಶನನ್ನು ಹಿಡಿದುಕೊಂಡು ಬಸವಣಪ್ಪ ಮುಂದೆ ನಿಂತಿದ್ದರು.

“ಮೊದಲ ಹೆಸರು ನಮ್ಮ ಹುಡುಗನ್ದು ಬರಕೋರಿ. ಮತ್ತ ಟೈ ಕಟ್ರಿ.”

ಮಾಸ್ತರರು, ಇವು ಬೆಂಚಿನ ಕಾಲಿಗೆ ತಂದವು ಎಂದು ಹೇಳಬೇಕೆಂದು ಬಾಯಿ ತೆರೆದರು. ಆದರೆ ಅಷ್ಟು ಮಕ್ಕಳು ಒಮ್ಮೆಲೇ ತಮ್ಮ ಶಾಲೆಯ ಅಂಗಳದಲ್ಲಿ ನಿಂತದ್ದನ್ನು ಅವರು ನೋಡಿ ಎಷ್ಟೋ ವರ್ಷವಾಗಿತ್ತು. ತೆರೆದ ಬಾಯಿಂದ ರೂಢಿಯ ಮಾತೇ ಬಂತು. ಜನ ಅದನ್ನು ಒಪ್ಪಿಗೆ ಎಂದುಕೊಂಡರು.

ಟೈಗಳೋ, ದೊಡ್ಡವರ ಅಳತೆಯವು. ಒಂದನೆಯ ತರಗತಿಯವರಿಗೆ ಮೊಣಕಾಲಿನ ಕೆಳಗೆ ಬಂದವು. “ಇರಲಿ ಬಿಡ್ರಿ, ಬೆಳೆಯೋ ಹುಡುಗರು” ಎಂದು ತಾಯಂದಿರು ತುದಿಯನ್ನು ಚಡ್ಡಿಯೊಳಗೆ ಸಿಕ್ಕಿಸಿದರು. ಮಾಸ್ತರರಿಗೆ ಗಂಟು ಹಾಕಲು ಬರುತ್ತಿರಲಿಲ್ಲ. ಅಪ್ಪಂದಿರು ಎತ್ತಿನ ಕೊರಳಿಗೆ ಹಾಕುವ ಗಂಟನ್ನೇ ಹಾಕಲು ಮುಂದಾದರು. ಆಗ ಗುರುನಾಥ ಗೈಡು ಮುಚ್ಚಿ ಎದ್ದುಬಂದ. ತಾನು ಸಾಹೇಬನಾಗುವ ದಿನಕ್ಕೆಂದು ಕನ್ನಡಿಯ ಮುಂದೆ ಟೈ ಕಟ್ಟುವುದನ್ನು ಕಲಿತಿಟ್ಟುಕೊಂಡಿದ್ದ. ಆ ಶಾಲೆಯಲ್ಲಿ ಅವನ ವಿದ್ಯೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಕಸೂತಿಯ ಚಿತ್ರ ಏನೆಂಬ ಬಗ್ಗೆ ಮಾತ್ರ ಊರಲ್ಲಿ ಒಮ್ಮತವಿರಲಿಲ್ಲ. ಕೆಲವರು ಶಂಖ ಎಂದರು, ಕೆಲವರು ಹೂ ಎಂದರು. ಸೋನುಬಾಯಿ ಅದನ್ನು ಸೌಟು ಎಂದು ಸಾಧಿಸಿದಳು.

ಮಕ್ಕಳನ್ನು ಬಿಟ್ಟು ಜನ ಮನೆಗೆ ಹೋಗುತ್ತಾರೆಂದು ಮಾಸ್ತರರು ತಿಳಿದಿದ್ದರು. ಜನ ಹೋಗಲಿಲ್ಲ. ಕಾನ್ವೆಂಟಿನ ಪಾಠ ಹೇಗಿರುತ್ತದೆ ನೋಡಬೇಕೆಂದು ಕಿಟಕಿಗೆ ನಾಲ್ಕು ಮುಖ, ಬಾಗಿಲಿಗೆ ಆರು ಮುಖದಂತೆ ನಿಂತುಬಿಟ್ಟರು. ಮಾಸ್ತರರು ಸೀಮೆಸುಣ್ಣ ಹುಡುಕಿದರು. ಅದು ಎಲ್ಲಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಒಬ್ಬ ಹುಡುಗಿ ತೋರಿಸಿದಳು.

ಧೈರ್ಯಕ್ಕೆಂದು ಅವರು ಸಂಗಮೇಶನನ್ನು ಎಬ್ಬಿಸಿದರು. ವ್ಯಾನಿನ ಸಾಲಿಯವನು, ಏನಾದರೂ ಇಂಗ್ಲಿಷ್ ಅಂದಾನು, ಹೊತ್ತು ಹೋದೀತು. ಸಂಗಮೇಶ ಕೈಕಟ್ಟಿ ಜನವರಿಯಿಂದ ಡಿಸೆಂಬರ್‌ತನಕ ಉಸಿರು ಬಿಡದೆ ಹೇಳಿದ. ಕಿಟಕಿಯಲ್ಲಿ ಅವನ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಶಾಬಾಶ್. ಈಗ ಯಾವ ತಿಂಗಳ ನಡದದಪ್ಪ?”

ಸಂಗಮೇಶ ಯೋಚಿಸಿ, ಮತ್ತೆ ಜನವರಿಯಿಂದ ಶುರುಮಾಡಿದ. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಡಿಸೆಂಬರಿಗೆ ಹೋಗಿ ನಿಂತ.

ಜನ ನಕ್ಕರು. ಬಸವಣಪ್ಪ ನಗಲಿಲ್ಲ. ಬಾಗಿಲಲ್ಲಿ ನಿಂತೇ ಹೇಳಿದರು: “ನಗಬ್ಯಾಡ್ರಿ. ನಾ ನಿಜಾಮನ ಕಾಲದಾಗ ಉರ್ದೂ ಕಲ್ತಾಂವ, ನನಗ ಕನ್ನಡ ಓದಾಕ ಬರಂಗಿಲ್ಲ. ಹೋದ ವಾರ ಹುಮನಾಬಾದಿಗೆ ಹೋಗಬೇಕಂತ ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನಾಗ ಇವನ್ನ ಕರಕೊಂಡು ನಿಂತಿದ್ದೆ. ಬೋರ್ಡ್ ಓದು ಅಂದ್ರ, ‘ಬಿ ಫಾರ್ ಬಸ್’ ಅಂದ. ಅದು ಬಸ್ಸು ಅಂತ ನನಗೂ ಮಾಲೂಮಿತ್ತು. ಹತ್ತಿ ಕುಂತ್ವಿ. ಇಳದು ನೋಡಿದ್ರ ಭಾಲ್ಕಿ.”

ಮಾಸ್ತರರು ಹಲಗೆಯ ಮೇಲೆ ದೊಡ್ಡದಾಗಿ ಕನ್ನಡದಲ್ಲಿ ಬರೆದರು: ‘ಹುಮನಾಬಾದ’. ಸಂಗಮೇಶ ಓದಲಿಲ್ಲ. ವ್ಯಾನಿನಿಂದ ಬಂದ ಬೇರೆಯವರೂ ಓದಲಿಲ್ಲ. ಸರಿ, ತಮ್ಮ ಶಾಲೆಯವರು ಓದುತ್ತಾರೆಂದು ಆ ಕಡೆ ತಿರುಗಿದರು. ನಾಲ್ಕನೆಯ ತರಗತಿಯವರು ನೆಲ ನೋಡಿದರು. ಐದನೆಯ ತರಗತಿಯವರು ನಾಲ್ಕನೆಯವರನ್ನು ನೋಡಿದರು. ಬಂದ ವರದಿ, ಹೋದ ವರದಿ, ಎಲ್ಲದರಲ್ಲೂ ಈ ಮಕ್ಕಳು ‘ಉತ್ತಮ’ ಎಂದು ಮಾಸ್ತರರೇ ಬರೆದಿದ್ದರು.

ಕಿಟಕಿಯಿಂದ ದ್ರೌಪತಿ ಕೇಳಿದಳು. ಕೂಲಿಗೆ ಹೋಗುವ ಹೆಂಗಸು, ಅವತ್ತು ಕೂಲಿ ಬಿಟ್ಟು ನಿಂತಿದ್ದಳು. “ಮಾಸ್ತರ, ಅದು ಇಂಗ್ಲಿಷೇನ್ರಿ?”

“ಕನ್ನಡ ಅದವ್ವ.”

“ಹಾಂಗಾದ್ರ ಮದ್ಲ ಇದನ್ನ ಮುಗಸ್ರಿ. ಇಂಗ್ಲಿಷ್ ಆಮ್ಯಾಲ ನೋಡೋಣು.”

ಹೀಗೆ ಕವಳೇವಾಡಿಯ ಇಂಗ್ಲಿಷ್ ಕಾನ್ವೆಂಟಿನಲ್ಲಿ ಕನ್ನಡ ಕಲಿಸುವುದು ಶುರುವಾಯಿತು. ಪುಸ್ತಕ ಬದಿಗಿಟ್ಟು ಮಾಸ್ತರರು ಬಸ್ಸಿನ ಬೋರ್ಡುಗಳನ್ನೇ ಬರೆದರು. ಮುಡಬಿ ಸುಲಭ, ಎಲ್ಲರೂ ಇಳಿದರು. ಮೋರಖಂಡಿಗೆ ಬಂದಾಗ ಸೊನ್ನೆ ಬಂತು. ಬೇಮಳಖೇಡದಲ್ಲಿ ಹೊಟ್ಟೆಯಿಂದ ಉಸಿರು ಬಿಟ್ಟು ‘ಖೇ’ ಅನ್ನಬೇಕಾಯಿತು. ಸಣ್ಣವರು ಕೆಮ್ಮಿ ಕೆಮ್ಮಿ ಅಂದರು. ಚಿಟಗುಪ್ಪಾದಲ್ಲಿ ಒತ್ತಕ್ಷರ ಅಡ್ಡ ನಿಂತು ಒಂದು ವಾರ ಬಸ್ಸು ಮುಂದೆ ಹೋಗಲಿಲ್ಲ. ಕಿಟಕಿಯಲ್ಲಿ ನಿಂತವರೂ ಬಾಯಾಡಿಸುತ್ತಿದ್ದರು. ಜನ ನೋಡುತ್ತಿದ್ದುದರಿಂದ ಮಾಸ್ತರರಿಗೆ ಕುರ್ಚಿಯಲ್ಲಿ ಕೂರಲೂ ಸಂಕೋಚ, ಗುರುನಾಥನಿಗೆ ಗೈಡು ತೆರೆಯಲೂ ಸಂಕೋಚ. ಗುರುನಾಥ ಬೇರೆ ದಾರಿಯಿಲ್ಲದೆ ಲೆಕ್ಕ ಕಲಿಸಿದ. ಕಲಿಸಿ ನೋಡಿದರೆ ಚೆನ್ನಾಗಿಯೇ ಕಲಿಸುತ್ತಿದ್ದ, ಅದರಿಂದ ಅವನಿಗೇ ಗಾಬರಿಯಾಯಿತು.

ಬಸವಕಲ್ಯಾಣದಲ್ಲಿ ಓಣಿಯವರು ಶಕುಂತಲಾಬಾಯಿಗೆ, ಯಜಮಾನರು ಕಾನ್ವೆಂಟಿನ ಪ್ರಿನ್ಸಿಪಾಲರಾದರಂತೆ ಎಂದು ಸಕ್ಕರೆ ಕೇಳಿದರು. ಆಕೆ ಗಂಡನನ್ನು ಕೇಳಿದಳು. ಗಂಡ ಅದೇ ಮಾತು ಹೇಳಿದ. ಆಕೆ ಖುಷಿಯಿಂದ ಹೂರಣ ಕಟ್ಟಿ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದಳು. ಮಾಸ್ತರರು ತಮ್ಮ ಪಾಲಿನ ಹೋಳಿಗೆಯನ್ನು ಮಗಳು ದೀಪಾಲಿಯ ತಟ್ಟೆಗೆ ಹಾಕಿ ಎದ್ದರು.

ಹಳದಿ ವ್ಯಾನು ಪೂರ್ತಿ ಖಾಲಿಯಾಗಲು ಎರಡು ತಿಂಗಳು ಹಿಡಿಯಿತು. ಆಮೇಲೆ ಸತೀಶಕುಮಾರ ಒಂದು ದಿನ ಖಾಲಿ ವ್ಯಾನಿನಲ್ಲೇ ಬಂದಿಳಿದ. ಬಾಗಿಲಲ್ಲಿ ನಿಂತು ಮಕ್ಕಳನ್ನು ನೋಡಿದ. ಹತ್ತಿರದ ಒಬ್ಬನ ಟೈ ಹಿಡಿದು ಕಸೂತಿಯನ್ನು ಬೆಳಕಿಗೆ ತಿರುಗಿಸಿದ. ಅವನ ಮುಖ ಒಮ್ಮೆ ಕೆಂಪಾಗಿ, ಒಮ್ಮೆ ನಗೆಯಾಗಿ, ಕೊನೆಗೆ ಕೆಂಪಿನಲ್ಲೇ ನಿಂತಿತು.

“ಇದು ತುತ್ತೂರಿ. ಹುಮನಾಬಾದಿನ ಬ್ಯಾಂಡ್ ಕಂಪನಿಯವರ ಟೈ ಇದು. ಆ ಕಂಪನಿ ಮುಚ್ಚಿ ಹೋಯ್ತು. ಅವರು ನನ್ನ ಲಗ್ನದಾಗ ಇದನ್ನ ಹಾಕ್ಕೊಂಡು ಊದಿದವರು, ನನಗ ಗೊತ್ತಿಲ್ಲೇನು?” ಮಾಸ್ತರರ ಕಡೆ ತಿರುಗಿ ಮೆಲ್ಲಗೆ, “ಇದು ಕಾನ್ವೆಂಟ ಏನ್ರಿ ಸರ್?” ಎಂದ.

“ನೋಡೋಣಪ್ಪ.”

“ನಾನೂ ನೋಡ್ತೀನಿ” ಎಂದು ಸತೀಶಕುಮಾರ ನೇರ ಕಚೇರಿಗೆ ಹೋಗಿ ದೂರು ಕೊಟ್ಟ.

ಎರಡು ದಿನದಲ್ಲಿ ಇಲಾಖೆಯ ಜೀಪು ಧೂಳೆಬ್ಬಿಸುತ್ತ ಬಂತು. ಅದರಿಂದ ಇಳಿದವರು ತಪಾಸಣೆಯ ಅಧಿಕಾರಿ ಭುವನೇಶ್ವರಿ ಮೇಡಂ. ಅಂಗಳದ ಬೇವಿನ ಮರದ ಕೆಳಗೆ ಊರು ಸೇರಿತು. ಮೇಡಂ ಕುರ್ಚಿಯಲ್ಲಿ ಕೂತರು, ಮಕ್ಕಳು ಟೈ ಸಮೇತ ಸಾಲಾಗಿ ನಿಂತರು. ಸತೀಶಕುಮಾರ ಎದ್ದು ಭಾಷಣವನ್ನೇ ಮಾಡಿದ.

“ಮಾನ್ಯರೇ, ಅನುಮತಿಯಿಲ್ಲದೆ ಇಂಗ್ಲಿಷ್ ಮಾಧ್ಯಮದ ಆಸೆ ತೋರಿಸಿ, ಮುಗ್ಧ ಪಾಲಕರ ಕಣ್ಣಿಗೆ ಮಣ್ಣೆರಚಿ, ವಾದ್ಯಗಾರರ ಕಂಠವಸ್ತ್ರವನ್ನು ವಿದ್ಯಾರ್ಥಿಗಳ ಕೊರಳಿಗೆ ಬಿಗಿದಿರುವ ಈ ಕೃತ್ಯಕ್ಕೆ ತಾವು ತಕ್ಕ ಕ್ರಮ ಜರುಗಿಸಬೇಕು.”

‘ಕಂಠವಸ್ತ್ರ’ ಎಂದರೇನೆಂದು ಜನ ಒಬ್ಬರನ್ನೊಬ್ಬರು ಕೇಳಿದರು. ಮೇಡಂ ಮಾಸ್ತರರ ಕಡೆ ತಿರುಗಿದರು.

“ಮಹಾರುದ್ರಪ್ಪನವರೆ, ಇದು ಇಂಗ್ಲಿಷ್ ಮೀಡಿಯಂ ಸಾಲಿ ಏನ್ರಿ?”

ಮಾಸ್ತರರ ನಾಲಿಗೆಯ ತುದಿಗೆ ಹಳೇ ಮಾತು ಬಂದು ನಿಂತಿತು. ಎದುರಿಗೆ ಮಕ್ಕಳು ನಿಂತಿದ್ದರು. ಅವರಿಗೆ ಈಗ ಓದಲು ಬರುತ್ತಿತ್ತು. ತಮ್ಮ ಮುಖವನ್ನೂ ಓದುತ್ತಾರೆ ಎಂದು ಮಾಸ್ತರರಿಗೆ ಅನ್ನಿಸಿತು.

“ಅಲ್ಲ ಮೇಡಂ” ಎಂದರು. ಅಷ್ಟು ಹೇಳಿದ ಮೇಲೆ ಉಳಿದದ್ದು ತಾನೇ ಬಂತು. “ಈ ಟೈ ನಾ ತಂದಿದ್ದು ಬೆಂಚಿನ ಕಾಲು ಕಟ್ಟಾಕ. ಮಂದಿ ಕಾನ್ವೆಂಟ ಅಂತ ತಿಳಕೊಂಡ್ರು. ನಾ ಅಲ್ಲ ಅನ್ನಲಿಲ್ಲ. ಅಂದ್ರ ಹುಡುಗರು ತಿರುಗಿ ಹೋಗ್ತಾರ ಅಂತ ಅಂಜಿದೆ. ತಪ್ಪಾಗ್ಯಾದ.”

ಬೆಂಚಿನ ಕಾಲು ಎಂಬ ಮಾತು ಜನರ ನಡುವೆ ಹಿಂದಿನ ಸಾಲಿನತನಕ ಗುಸುಗುಸು ಹೋಯಿತು. ಒಬ್ಬ ತಾಯಿ ಮಗನ ಕೊರಳಿನ ಟೈಯನ್ನು ಮುಟ್ಟಿ ನೋಡಿ ಕೈ ತೆಗೆದಳು.

ಸತೀಶಕುಮಾರ ಬಿಡಲಿಲ್ಲ. “ಇವರ ಸ್ವಂತ ಮಗಳು ದೀಪಾಲಿ ಯಾವ ಸಾಲ್ಯಾಗ ಓದ್ತಾಳ, ಅದನ್ನೂ ಕೇಳ್ರಿ ಮೇಡಂ.”

ಮಾಸ್ತರರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. “ಕಲ್ಯಾಣದಾಗ ಪ್ರೈವೇಟ್ ಸಾಲ್ಯಾಗ ಓದ್ತಾಳ್ರಿ. ನನ್ನಂಥ ಮಾಸ್ತರನ ಕೈಯಾಗ ಕೊಟ್ರ ಹುಡುಗಿ ಹಾಳಾಗ್ತಾಳ ಅಂತ ನನಗ ಗೊತ್ತಿತ್ತು.”

ಇದಕ್ಕೆ ಯಾರೂ ನಗಲಿಲ್ಲ. ಮೇಡಂ ತಮ್ಮ ಕನ್ನಡಕ ತೆಗೆದು ಸೆರಗಿನಿಂದ ಬಹಳ ಹೊತ್ತು ಒರೆಸಿದರು. ಅವರ ಮಗನೂ ಯಾವ ಸರ್ಕಾರಿ ಶಾಲೆಗೂ ಹೋಗುತ್ತಿರಲಿಲ್ಲ.

ಆಗ ದ್ರೌಪತಿ ಎದ್ದು ನಿಂತಳು. “ಅಕ್ಕಾರ, ನನಗ ಮಾತಾಡಾಕ ಬರಂಗಿಲ್ಲ. ಟೈ ಬ್ಯಾಂಡಿನ್ದಿರಲಿ, ಬೆಂಚಿನ್ದಿರಲಿ. ಇಷ್ಟು ವರ್ಷ ಮಾಸ್ತರ ಬರ್ತಿದ್ರು, ಓದು ಬರ್ತಿರಲಿಲ್ಲ. ಈಗ ಬರಾಕತ್ತದ. ನನ್ನ ಮಗಳು ಮೊನ್ನಿ ರೇಶನ್ ಅಂಗಡಿ ಬೋರ್ಡ್ ಓದಿ, ಇವತ್ತು ಎಣ್ಣಿ ಕೊಡ್ತಾರವ್ವ ಅಂದ್ಳು. ಅಂಗಡ್ಯಾಂವ ಇಲ್ಲ ಅಂದಿದ್ದ. ಇಂಗ್ಲಿಷ್ ಬರ್ತದೋ ಬಿಡ್ತದೋ, ನಾ ನನ್ನ ಮಗಳಿಗಿ ಇಲ್ಲಿಂದ ಬಿಡಸಂಗಿಲ್ಲ.”

“ನಮ್ಮ ಸಂಗಮೇಶನೂ ಇಲ್ಲೇ” ಎಂದರು ಬಸವಣಪ್ಪ. “ಹೋದ ಮಂಗಳವಾರ ನಾವು ಹುಮನಾಬಾದಿಗೆ ಹೊಂಟ್ರ ಹುಮನಾಬಾದಿಗೇ ಮುಟ್ಟಿದ್ವಿ.”

ಮೇಡಂ ಕನ್ನಡಕ ಹಾಕಿಕೊಂಡು ಸತೀಶಕುಮಾರನನ್ನು ನೋಡಿದರು. “ನೀವು ಕನ್ನಡ ಭಾಳ ಶುದ್ಧ ಮಾತಾಡ್ತೀರಿ. ನಮ್ಮ ಆಫೀಸಿನಾಗೂ ಅಷ್ಟು ಛಂದ ಯಾರಿಗೂ ಬರಂಗಿಲ್ಲ. ಎಲ್ಲಿ ಕಲ್ತೀರಿ?”

ಸತೀಶಕುಮಾರ ಬೂಟಿನ ತುದಿಯಿಂದ ಮಣ್ಣು ಕೆದರಿದ. ಅವನೂ ಇದೇ ಊರಿನವನು ಎಂಬುದು ಮೇಡಂಗೆ ಗೊತ್ತಿರಲಿಲ್ಲ, ಊರಿಗೆ ಗೊತ್ತಿತ್ತು.

“ಇಲ್ಲೇ ಮೇಡಂ” ಎಂದ ಕೊನೆಗೆ. “ಈ ಸರ್ ಕಡೆ. ಆವಾಗ ನಾ ಹೊಲದಾಗ ಅಡಗಿ ಕುಂತ್ರ ಎತಗೊಂಡು ಬರ್ತಿದ್ರು.”

ಮಾಸ್ತರರು ಅವನನ್ನು ಹೊಸದಾಗಿ ಕಂಡವರಂತೆ ನೋಡಿದರು. ಬಸವಣಪ್ಪ ಕೈ ಜೋಡಿಸಿ ಹೇಳಿದರು: “ಮಾಸ್ತರ, ಇವನಿಗಿ ಕಲಿಸಿದಂಗ ನಮ್ಮ ಹುಡುಗರಿಗೂ ಕಲಸ್ರಿ. ವ್ಯಾನ್ ತಗೋಳೂದೊಂದು ಕಲಿಸಬ್ಯಾಡ್ರಿ.”

ಈಗ ಊರು ನಕ್ಕಿತು. ಸತೀಶಕುಮಾರನೂ ನಗಬಾರದೆಂದು ಬಹಳ ಪ್ರಯತ್ನಪಟ್ಟ, ಆಗಲಿಲ್ಲ.

ಮೇಡಂ ಕೊಟ್ಟ ಅಪ್ಪಣೆ ಸಣ್ಣದಾಗಿತ್ತು. ಟೈ ಸಮವಸ್ತ್ರವಲ್ಲ, ಬಿಚ್ಚಬೇಕು. ಇಂಗ್ಲಿಷ್ ಐದನೆಯ ತರಗತಿಗೆ ಇದೆ, ಅದನ್ನು ಗುರುನಾಥ ಕಲಿಸಬೇಕು. ಶಾಲೆ ಮುಚ್ಚುವ ಮಾತು ಸದ್ಯಕ್ಕಿಲ್ಲ. ಮಾಸ್ತರರಿಗೆ ಒಂದು ಎಚ್ಚರಿಕೆ, ಅದೂ ಬಾಯಿಮಾತಿನಲ್ಲಿ. ಮಕ್ಕಳು ಮುಖ ಸಪ್ಪಗೆ ಮಾಡಿ ಟೈ ಬಿಚ್ಚಿಕೊಟ್ಟರು. ಸೋನುಬಾಯಿ ಎಲ್ಲರಿಗೂ ಬಿಸಿ ಅನ್ನ ಸಾರು ಬಡಿಸಿದಳು. ಮೇಡಂ ಕೂಡ ಮಕ್ಕಳ ಸಾಲಿನಲ್ಲಿ ಕೂತು ಉಂಡರು.

ಹೊರಡುವಾಗ ಜೀಪಿನ ಹತ್ತಿರ ಹೋದ ಮೇಡಂ ಅಲ್ಲೇ ನಿಂತುಬಿಟ್ಟರು. ಮಣ್ಣು ರಸ್ತೆಯ ಧೂಳು ಜೀಪಿನ ಹಿಂಬಾಗಿಲ ತುಂಬ ದಪ್ಪಗೆ ಕೂತಿತ್ತು. ಅದರ ಮೇಲೆ ಯಾರೋ ಬೆರಳಿನಿಂದ ಬರೆದಿದ್ದರು. ಮೇಡಂ ಗಟ್ಟಿಯಾಗಿ ಓದಿದರು:

“ನಮ್ಮ ಗುರುಗಳು ಈಗ ಶಾಲೆಯಲ್ಲಿ ನಿದ್ದೆ ಮಾಡುವುದಿಲ್ಲ.”

ಅಂಗಳದ ಮಕ್ಕಳೆಲ್ಲ ಒಮ್ಮೆಲೇ ಆಕಾಶ ನೋಡಿದರು. ಗುರುನಾಥ ಕೆಮ್ಮಿದ.

“ಈಗ ಮಾಡೂದಿಲ್ಲ. ಅಂದ್ರ ಮದ್ಲ ಮಾಡ್ತಿದ್ರೇನ್ರಿ?” ಎಂದು ಮೇಡಂ ಕೇಳಿದರು.

ಮಾಸ್ತರರಿಗೆ ಅದು ಕೇಳಿಸಲೇ ಇಲ್ಲ. ಅವರು ಸೊಂಟ ಬಗ್ಗಿಸಿ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ನೋಡುತ್ತಿದ್ದರು. ‘ನಮ್ಮ’ದಲ್ಲಿ ಒತ್ತು ಇತ್ತು. ‘ಶಾಲೆ’ಗೆ ದೀರ್ಘ ಇತ್ತು. ‘ನಿದ್ದೆ’ಯ ದಕ್ಕೆ ದ ಸರಿಯಾಗಿ ಕೆಳಗೆ ಕೂತಿತ್ತು, ‘ಮಾಡುವುದಿಲ್ಲ’ದ ಲಕ್ಕೆ ಲ ಕೂಡ. ಕೊನೆಯ ಚುಕ್ಕೆಯನ್ನೂ ಬಿಟ್ಟಿರಲಿಲ್ಲ.

ಜೀಪಿನ ಚಾಲಕ ಒರೆಸಲೆಂದು ಬಟ್ಟೆ ಹಿಡಿದು ಬಂದ. ಮಾಸ್ತರರು ಎರಡೂ ಕೈ ಅಡ್ಡ ಮಾಡಿ ಬಾಗಿಲ ಮುಂದೆ ನಿಂತರು.

“ಒರಸಬ್ಯಾಡಪ್ಪ. ಒಂದೂ ತಪ್ಪಿಲ್ಲ ಅದರಾಗ. ಹಂಗೇ ಕಲ್ಯಾಣದ ತನಕ ಹೋಗಲಿ, ಆಫೀಸಿನ ಮಂದಿನೂ ಓದಲಿ.”